ಮೊದಲು ಗಾಡಿ ಎತ್ತಿಸಿ, ಆಮೇಲೆ ಲೆಕ್ಕ ಹಾಕಿ

ಹಳೆಯ ಕಾರು ದೊಡ್ಡ ಕೆಲಸಕ್ಕೆ ಗ್ಯಾರೇಜಿನಲ್ಲಿ ನಿಂತಿದೆ ಎಂದು ಗೊತ್ತಾದರೆ ಸಾಕು, ನೆಂಟರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಕೇಳುವುದು ಒಂದೇ ಮಾತು: ‘ಗಾಡಿಯ ಅರ್ಧ ಬೆಲೆ ರಿಪೇರಿಗೇ ಹೋದರೆ ಏನು ಬಂತು? ಕೊಟ್ಟುಬಿಡಿ.’ ಉಡುಪಿಯಲ್ಲಿ 2007ರ ಆಲ್ಟೋ ಒಂದನ್ನು ಅದರ ಆರ್‌ಸಿ ಮುಗಿಯುವವರೆಗೂ ಓಡಿಸಿದವನು ನಾನು. ಒಮ್ಮೆ ಈ ಮಾತನ್ನು ಪಕ್ಕಕ್ಕಿಟ್ಟು ದೊಡ್ಡ ರಿಪೇರಿಯನ್ನೇ ಮಾಡಿಸಿದೆ. ಕೆಲವು ವರ್ಷಗಳ ನಂತರ ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನ ರಿಪೇರಿಯನ್ನು ಬೇಡವೆಂದು ಗಾಡಿಯನ್ನೇ ಬಿಟ್ಟುಕೊಟ್ಟೆ. ಎರಡೂ ಸಲ ನಿರ್ಧಾರ ಮಾಡಿಸಿದ್ದು ಬಿಲ್ಲಿನ ಮೊತ್ತವಲ್ಲ, ಆ ಬಿಲ್ಲು ಗಾಡಿಯ ಯಾವ ಭಾಗದ್ದು ಎಂಬುದು.

ಮೊದಲ ಸಲ ಕೈಕೊಟ್ಟದ್ದು ಎಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ. ಎರಡು ಸರ್ವೀಸ್‌ಗಳ ನಡುವೆ ಆಯಿಲ್ ತುಂಬಿಸಲೇಬೇಕಾದ ಸ್ಥಿತಿ. ಮೆಕ್ಯಾನಿಕ್ ಕಂಪ್ರೆಷನ್ ಟೆಸ್ಟ್ ಮಾಡಿ, ಪಿಸ್ಟನ್ ರಿಂಗ್ ಸವೆದು ಆಯಿಲ್ ಪೆಟ್ರೋಲ್ ಜತೆ ಉರಿಯುತ್ತಿದೆ ಎಂದರು. ಎಂಜಿನ್ ಬಿಚ್ಚಿ ಬೋರ್ ಮಾಡಿಸಿ, ರಿಂಗು, ಬೇರಿಂಗು, ವಾಲ್ವ್ ಕೆಲಸ ಎಲ್ಲ ಸೇರಿ ಹತ್ತಿರಹತ್ತಿರ 40 ಸಾವಿರ ರೂಪಾಯಿ. ಮಾರಿದರೆ ಗಾಡಿಗೆ ಬರುತ್ತಿದ್ದದ್ದು ಅದರ ದುಪ್ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಆದರೆ ನಾನು ಮಾರಲು ಹೊರಟವನಲ್ಲ, ಓಡಿಸಲು ಹೊರಟವನು. ಓಡಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದೇ 40 ಸಾವಿರಕ್ಕೆ ಬೇರೆಲ್ಲಿ ನಾಲ್ಕೈದು ವರ್ಷದ ಓಡಾಟ ಸಿಗುತ್ತದೆ? ಕರ್ನಾಟಕದಲ್ಲಿ ಹೊಸ ಕಾರಿಗೆ ಲೈಫ್‌ಟೈಮ್ ತೆರಿಗೆ 5 ಲಕ್ಷದವರೆಗೆ ಶೇ. 13, ಅಲ್ಲಿಂದ 10 ಲಕ್ಷದವರೆಗೆ ಶೇ. 14; ಮೇಲೆ ಸೆಸ್ ಬೇರೆ. 6 ಲಕ್ಷದ ಕಾರಿಗೆ ತೆರಿಗೆಯೇ 84 ಸಾವಿರ. ಅಂದರೆ ಹೊಸ ಗಾಡಿ ಷೋರೂಮಿನ ಗೇಟು ದಾಟುವ ಮೊದಲೇ ನನ್ನ ಎಂಜಿನ್ ಕೆಲಸದ ಎರಡರಷ್ಟು ದುಡ್ಡು ತೆರಿಗೆಗೆ ಹೋಗಿರುತ್ತದೆ. ಇನ್ನು ವಿಮೆಯವರ ಸವಕಳಿ ಪಟ್ಟಿ ನೋಡಿದರೆ, ಒಂದು ವರ್ಷ ದಾಟಿದ ಗಾಡಿಯ ಬೆಲೆಯಲ್ಲಿ ಶೇ. 20, ಮೂರು ವರ್ಷ ದಾಟಿದರೆ ಶೇ. 40 ಕಳೆದುಬಿಡುತ್ತಾರೆ. ಹಳೆ ಗಾಡಿಯ ಖರ್ಚು ಗ್ಯಾರೇಜಿನ ಚೀಟಿಯಾಗಿ ಕೈಗೆ ಬರುವುದರಿಂದ ಚುಚ್ಚುತ್ತದೆ. ಹೊಸ ಗಾಡಿಯ ಸವಕಳಿಗೆ ಯಾರೂ ಚೀಟಿ ಬರೆದುಕೊಡುವುದಿಲ್ಲ. ಎಂಜಿನ್ ಮಾಡಿಸಿದೆ. ನಾಲ್ಕು ವರ್ಷ ತಕರಾರಿಲ್ಲದೆ ಓಡಿತು.

ಆಗಿನಿಂದ ಗಾಡಿಯ ಖರ್ಚನ್ನು ಮೂರು ಪಟ್ಟಿ ಮಾಡಿ ಬರೆದಿಡುವ ಅಭ್ಯಾಸವಾಯಿತು. ಮೊದಲನೆಯದು ಸವೆಯುವವು: ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್. ಇವು ಹೊಸ ಗಾಡಿಗೂ ಒಂದಲ್ಲ ಒಂದು ದಿನ ಬೇಕಾದವೇ, ಹಾಗಾಗಿ ಇವನ್ನು ಹಳೆ ಗಾಡಿಯ ತಪ್ಪೆಂದು ಬರೆಯುವಂತಿಲ್ಲ. ನಾಲ್ಕು ಟೈರು ಹಾಕಿಸಿದ ತಿಂಗಳು ‘ಈ ಗಾಡಿ ದುಡ್ಡು ತಿನ್ನುತ್ತದೆ’ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಎರಡನೆಯದು ಕೆಡುವವು: ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಎಸಿ ಕಂಪ್ರೆಸರ್. ಖರ್ಚು ದೊಡ್ಡದು, ಆದರೆ ಒಮ್ಮೆ ಸರಿಯಾಗಿ ಮಾಡಿಸಿದರೆ ವರ್ಷಗಟ್ಟಲೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ. ಅದರಲ್ಲೂ ಲಕ್ಷಗಟ್ಟಲೆ ಮಾರಾಟವಾದ ಮಾಡೆಲ್ ಆದರೆ ಬಿಡಿಭಾಗ ತಾಲ್ಲೂಕು ಪೇಟೆಯಲ್ಲೂ ಸಿಗುತ್ತದೆ. ಮೂರನೆಯದು ಕೊಳೆಯುವವು: ತುಕ್ಕು ಹಿಡಿದ ಬಾಡಿ, ಒಳಗೊಳಗೇ ಹಸಿರುಗಟ್ಟಿದ ವೈರಿಂಗು. ಇವುಗಳ ಖರ್ಚು ಚಿಕ್ಕದಾಗಿ ಬರುತ್ತದೆ, ಆದರೆ ಮುಗಿಯುವುದಿಲ್ಲ.

ಈ ಮೂರನೆಯ ಪಟ್ಟಿಯ ತೂಕ ತಿಳಿದದ್ದು ಭಾವನ ಕಾರಿನಿಂದ. ಚಿತ್ರದುರ್ಗದಲ್ಲಿರುವ ಭಾವನದೂ ಅದೇ ವರ್ಷದ, ಅದೇ ಮಾಡೆಲಿನ ಗಾಡಿ. ಓಡಿದ ಕಿಲೋಮೀಟರು ನನ್ನದಕ್ಕಿಂತ ಬಹಳ ಹೆಚ್ಚು. ಬಿಸಿಲಿಗೆ ಬಣ್ಣ ಮಾಸಿತ್ತು, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿತ್ತು, ರಬ್ಬರ್ ಬುಷ್‌ಗಳು ಒಣಗಿ ಸೀಳಿದ್ದವು. ಆದರೆ ಅಡಿಯಲ್ಲಿ ತಗಡು ಗಟ್ಟಿ. ನನ್ನ ಗಾಡಿ ಹೊರಗಿನಿಂದ ಅದಕ್ಕಿಂತ ಚೆಂದ, ಅಡಿಯಲ್ಲಿ ಹುಳುಕು. ಚಿತ್ರದುರ್ಗದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾದರೆ ನಮ್ಮ ಕರಾವಳಿಯಲ್ಲಿ 4,000ದ ಆಸುಪಾಸು. ಅದರ ಮೇಲೆ ಸಮುದ್ರದ ಉಪ್ಪುಗಾಳಿ. ನೀರಿಗೆ ಉಪ್ಪು ಸೇರಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಬಾಗಿಲಿನ ತಳದಲ್ಲಿ ನೀರು ಬಸಿದುಹೋಗಲು ಇಟ್ಟ ತೂತುಗಳಲ್ಲಿ ತರಗೆಲೆ, ಮಣ್ಣು ಕೂತರೆ ನೀರು ಒಳಗೇ ನಿಲ್ಲುತ್ತದೆ. ಕಾಲಡಿಯ ಮ್ಯಾಟಿನ ಕೆಳಗಿನ ಕಾರ್ಪೆಟ್ ಜೂನ್‌ನಲ್ಲಿ ಒದ್ದೆಯಾದರೆ ಒಣಗುವುದು ಅಕ್ಟೋಬರ್‌ನಲ್ಲೇ.

2022ರಲ್ಲಿ ಆರ್‌ಸಿಯ 15 ವರ್ಷದ ಅವಧಿ ಮುಗಿಯುತ್ತ ಬಂತು. ಆ ವರ್ಷದ ಏಪ್ರಿಲ್ 1ರಿಂದ ಕಾರಿನ ಆರ್‌ಸಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ‘15 ವರ್ಷ ಆದ ಗಾಡಿ ಓಡಿಸುವ ಹಾಗೇ ಇಲ್ಲವಂತೆ’ ಎಂದು ಹೆದರಿಸಿದವರೂ ಇದ್ದರು. ಅದು ದೆಹಲಿ ಸುತ್ತಮುತ್ತಲಿನ ಪೆಟ್ರೋಲ್ ಗಾಡಿಗಳ ಮೇಲೆ ಆಗ ಇದ್ದ ಆದೇಶ. ನಮ್ಮಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದು ವರ್ಷಕ್ಕೆ ಆರ್‌ಸಿ ಸಿಗುತ್ತದೆ. ಅವಧಿ ಮುಗಿಯುವ ಮೊದಲಿನ 60 ದಿನದೊಳಗೆ ಅರ್ಜಿ ಹಾಕಬೇಕು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. ಐದು ವರ್ಷಕ್ಕೆ ಹಂಚಿದರೆ ಶುಲ್ಕ ವರ್ಷಕ್ಕೆ ಸಾವಿರ. ಅದಕ್ಕಾಗಿ ಗಾಡಿ ಬಿಡುವ ಅಗತ್ಯವಿರಲಿಲ್ಲ.

ಅರ್ಜಿಗೆ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿದೆ. ಮೆಕ್ಯಾನಿಕ್ ಸ್ಕ್ರೂ ಡ್ರೈವರ್ ಹಿಡಿದು ಅಡಿಯೆಲ್ಲ ಕುಟ್ಟುತ್ತ ಬಂದರು. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ತುದಿ ಒಳಗೆ ಹೋಯಿತು. ಮುಂದಿನ ಶಾಕ್ ಕೂರುವ ಜಾಗದಲ್ಲೂ ತಗಡು ಹುಡಿಹುಡಿಯಾಗಿ ಉದುರಿತು. ‘ಎಂಜಿನಿಗೆ ಎಂತ ಆಗ್ಲಿಲ್ಲ ಮಾರಾಯ್ರೆ, ಬಾಡಿ ಹೋಗಿದೆ’ ಎಂದರು. ಟಿಂಕರಿಂಗ್‌ನವರು 25 ಸಾವಿರಕ್ಕೆ ಪ್ಯಾಚ್ ಹೊಡೆದು, ಅಡಿಗೆ ಕಪ್ಪು ಕೋಟಿಂಗ್ ಬಳಿದು ಕೊಡುತ್ತೇನೆಂದರು. ಎಂಜಿನಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಆದರೂ ಬೇಡವೆಂದೆ.

ಕಾರಣ ಇದು. ಹಳೆಯ ಜೀಪಿನಂಥ ಗಾಡಿಗೆ ಚಾಸಿ ಬೇರೆ, ಬಾಡಿ ಬೇರೆ. ತಗಡು ಹೋದರೂ ಕೆಳಗಿನ ಚಾಸಿ ಭಾರ ಹೊರುತ್ತದೆ. ಇಂಥ ಸಣ್ಣ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ಶಾಕು, ಸ್ಟಿಯರಿಂಗು, ಸೀಟ್ ಬೆಲ್ಟು ಎಲ್ಲ ಅದಕ್ಕೇ ಕಚ್ಚಿಕೊಂಡಿರುತ್ತವೆ. ತುಕ್ಕು ತಿಂದ ಜಾಗಕ್ಕೆ ಪ್ಯಾಚ್ ಹೊಡೆದರೆ ವೆಲ್ಡಿಂಗ್ ಶಾಖಕ್ಕೆ ಪಕ್ಕದ ತಗಡಿನ ಬಣ್ಣವೂ ಸುಟ್ಟು, ಮುಂದಿನ ಮಳೆಗಾಲದ ತುಕ್ಕು ಅಲ್ಲಿಂದಲೇ ಶುರು. ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯದೆ ಮೇಲೆ ಕೋಟಿಂಗ್ ಬಳಿದರೆ ತೇವ ಒಳಗೇ ಉಳಿದು, ಕಣ್ಣಿಗೆ ಕಾಣದ ಹಾಗೆ ಕೆಲಸ ಮುಂದುವರಿಸುತ್ತದೆ. ಬಣ್ಣ ಮಾಸಿದ ಭಾವನ ಗಾಡಿ ಮಾತ್ರ ತಪಾಸಣೆ ಪಾಸಾಗಿ 2027ರವರೆಗೆ ಆರ್‌ಸಿ ಪಡೆಯಿತು. ವಯಸ್ಸು, ಮಾಡೆಲ್, ಎಂಜಿನ್ ಎಲ್ಲ ಒಂದೇ ಆದರೂ ತೀರ್ಮಾನ ಒಂದೇ ಆಗಬೇಕಿಲ್ಲ.

ಇನ್ನೆರಡು ಸಂಗತಿ ಲೆಕ್ಕದ ಪುಸ್ತಕಕ್ಕೆ ತಡವಾಗಿ ಬಂದವು. ಕೊನೆಯ ವರ್ಷಗಳಲ್ಲಿ ಆಗುಂಬೆ ಘಾಟಿ ಹತ್ತಬೇಕೆಂದರೆ ಮನೆಯಲ್ಲಿ ಯಾರೂ ಚರ್ಚೆ ಮಾಡದೆ ಬಾಡಿಗೆ ಕಾರು ಹೇಳುತ್ತಿದ್ದೆವು. ಗಾಡಿಯ ಮೇಲೆ ನಂಬಿಕೆ ಇಲ್ಲದೆ ಕೊಟ್ಟ ಆ ಬಾಡಿಗೆಯೂ ಹಳೆ ಗಾಡಿಯ ಖರ್ಚೇ. ಎರಡನೆಯದು, ಯಾವ ರಿಪೇರಿಯೂ ಕೊಡಲಾರದ್ದು. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಎಬಿಎಸ್ ಇರಲಿಲ್ಲ. ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಎಬಿಎಸ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ ಕಡ್ಡಾಯವಾಯಿತು. ಹಳೆ ಎಂಜಿನ್ನನ್ನು ಹೊಸದರಂತೆ ಮಾಡಬಹುದು, ಆದರೆ 2007ರ ಗಾಡಿಗೆ ಇವನ್ನು ಗ್ಯಾರೇಜಿನಲ್ಲಿ ಕೂಡಿಸಿಕೊಳ್ಳಲಾಗದು. ಪೇಟೆಯೊಳಗೆ ತರಕಾರಿಗೆ ಹೋಗಿಬರುವವರಿಗೆ ಇದು ಅಷ್ಟು ದೊಡ್ಡದಲ್ಲದಿರಬಹುದು. ಹೆದ್ದಾರಿ 66ರಲ್ಲಿ ದಿನಾ ಮಂಗಳೂರಿಗೆ ಹೋಗುವವರಿಗೆ ಇದು ಎಲ್ಲ ಲೆಕ್ಕಕ್ಕಿಂತ ಮೇಲೆ ಬರಬೇಕು.

ಹಳೆಯದನ್ನು ಬಿಡುವುದೆಂದರೆ ಹೊಸದನ್ನು ಕೊಳ್ಳಬೇಕೆಂದೇನೂ ಇಲ್ಲ. ಮೊದಲ ಮೂರು ವರ್ಷದ ಸವಕಳಿಯನ್ನು ಬೇರೊಬ್ಬರು ಹೊತ್ತಿರುವ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದೆ. ಷರತ್ತು ಎರಡೇ: 2019ರ ಜುಲೈ ನಂತರ ತಯಾರಾಗಿರಬೇಕು, ಘಟ್ಟದ ಮೇಲಿನದಾಗಿರಬೇಕು. ಭಾವನೇ ಕೆಎ-16 ನಂಬರಿನ ಒಂದನ್ನು ಹುಡುಕಿಕೊಟ್ಟ. ಕೊಳ್ಳುವ ಮೊದಲು ಅದನ್ನೂ ಎತ್ತಿಸಿ, ಅದೇ ಸ್ಕ್ರೂ ಡ್ರೈವರ್ ಪರೀಕ್ಷೆ ಮಾಡಿಸಿದೆ.

ಬಿಡುವಾಗಲೂ ಒಂದು ಎಚ್ಚರ ಬೇಕು. ಗುಜರಿಯವರು ಹಣ ಎಣಿಸಿ ಕೊಟ್ಟ ಮಾತ್ರಕ್ಕೆ ಗಾಡಿ ನಮ್ಮ ಹೆಸರಿನಿಂದ ಹೋಗುವುದಿಲ್ಲ. ಗಾಡಿ ಒಡೆಸಿದ ಮೇಲೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55 ಹೇಳುತ್ತದೆ. ಅದಾಗದೆ ಆ ನಂಬರ್ ಎಲ್ಲಾದರೂ ಓಡಾಡಿದರೆ ನೋಟಿಸು ಬರುವುದು ನಮ್ಮ ಮನೆಗೇ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರ ಹತ್ತಿರವಿದ್ದರೆ ಅಲ್ಲೇ ಕೊಡುವುದು ಸಲೀಸು. ಅವರು ಕೊಡುವ ಠೇವಣಿ ಪ್ರಮಾಣಪತ್ರವೇ ದಾಖಲೆಯಾಗುತ್ತದೆ.

ಈಗ ಯಾರಾದರೂ ‘ರಿಪೇರಿ ಮಾಡಿಸಲಾ, ಬದಲಿಸಲಾ?’ ಎಂದು ಕೇಳಿದರೆ ನಾನು ಬಿಲ್ಲು ಎಷ್ಟೆಂದು ಕೇಳುವುದಿಲ್ಲ. ಗಾಡಿ ಎತ್ತಿಸಿ ನೋಡಿದಿರಾ, ಇದರಲ್ಲಿ ರಾತ್ರಿ ಹೊತ್ತು ಮನೆಯವರನ್ನು ಘಾಟಿ ಹತ್ತಿಸುತ್ತೀರಾ ಎಂದು ಕೇಳುತ್ತೇನೆ. ಎರಡಕ್ಕೂ ಹೌದೆಂದು, ತಗಡು ಗಟ್ಟಿ ಇದೆಯೆಂದು ಹೇಳಿದರೆ ಎಂಜಿನ್ ಬಿಚ್ಚಿಸಲು ಹೆದರಬೇಡಿ ಎನ್ನುತ್ತೇನೆ. ಇಲ್ಲವಾದರೆ ಹುಡುಕಾಟ ಇವತ್ತೇ ಶುರುವಾಗಲಿ, ಗಾಡಿ ಇನ್ನೂ ತನ್ನ ಚಕ್ರದ ಮೇಲೆ ಓಡುತ್ತಿರುವಾಗಲೇ. ರಸ್ತೆ ಬದಿಯಲ್ಲಿ ಕೆಟ್ಟು ನಿಂತ ದಿನ ಗಾಡಿ ಕೊಳ್ಳಲು ಹೊರಟವನು ಬೆಲೆ ಕೇಳುತ್ತಾನೆಯೇ ಹೊರತು ಚೌಕಾಸಿ ಮಾಡುವುದಿಲ್ಲ.