ಮಾತಿನ ನೆರವು

ಪರೋಪಕಾರವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ತೋರುವುದು ಹಣ. ಧನಿಕರು ಛತ್ರ ಕಟ್ಟಿಸುತ್ತಾರೆ, ಅನ್ನದಾನ ಮಾಡುತ್ತಾರೆ. ವಿದ್ಯಾರ್ಥಿಗಳಾದ ನಾವೇನು ಮಾಡಬಲ್ಲೆವು ಎಂದು ಸುಮ್ಮನಾಗುತ್ತೇವೆ. ಆದರೆ ಹೈದರಾಬಾದಿನ ಕನ್ನಡ ಶಾಲೆಯ ಬಾಲಕ ಬಾಲಕಿಯರ ಬಳಿ ಬೇರೊಂದು ಸಂಪತ್ತಿದೆ. ನಾವು ಮನೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ತೆಲುಗು, ಅಂಗಡಿ ಬೀದಿಯಲ್ಲಿ ಉರ್ದು ಆಡುತ್ತೇವೆ; ಶಾಲೆಯಲ್ಲಿ ಇಂಗ್ಲಿಷನ್ನೂ ಓದುತ್ತೇವೆ. ಈ ಸಂಪತ್ತು ಯಾರಿಗೆ ಬೇಕಾಗಿದೆ ಎಂಬುದನ್ನು ವಿಚಾರಿಸೋಣ.

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹಿಂದೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುವು. 1956ರ ನವೆಂಬರ್ 1ರಂದು ಅವು, 1973ರಲ್ಲಿ ಕರ್ನಾಟಕವೆಂದು ಹೆಸರು ಪಡೆದ ಮೈಸೂರು ರಾಜ್ಯದಲ್ಲಿ ಸೇರಿದುವು. ಗಡಿ ಬದಲಾಯಿತು, ದಾರಿಯ ದೂರ ಬದಲಾಗಲಿಲ್ಲ. ಬೀದರದಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು, ಹೈದರಾಬಾದಿಗೆ ಸುಮಾರು 140 ಮಾತ್ರ. ಆದುದರಿಂದ ದೊಡ್ಡ ಕಾಯಿಲೆ ಬಂದಾಗ ಆ ಕಡೆಯ ಅನೇಕರು ಇಂದಿಗೂ ಇಲ್ಲಿಗೇ ಬರುತ್ತಾರೆ. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ, ಮಕ್ಕಳಿಗಾಗಿ ಇರುವ ನಿಲೋಫರ್ ಆಸ್ಪತ್ರೆ, ಪಂಜಗುಟ್ಟದ ನಿಮ್ಸ್ ಮೊದಲಾದೆಡೆಗಳಲ್ಲಿ ಕಿವಿಗೊಟ್ಟರೆ ನಮ್ಮ ನುಡಿ ಕೇಳಿಬರುತ್ತದೆ.

ಇವರ ಕಷ್ಟ ಎರಡು ಬಗೆಯದು: ಒಂದು ರೋಗದ್ದು, ಇನ್ನೊಂದು ಭಾಷೆಯದು. ಬೀದರದ ಕಡೆ ಹಲವರು ಉರ್ದು ಬಲ್ಲರೆಂಬುದು ನಿಜ. ಆದರೆ ಹಳ್ಳಿಯನ್ನು ಬಿಟ್ಟು ಬಾರದ ಮುದುಕಿಗೆ, ಓದುಬರಹ ಕಲಿಯದ ಕೂಲಿಕಾರನಿಗೆ ಇಲ್ಲಿಯ ಮಾತೂ ಫಲಕಗಳೂ ಕಗ್ಗಂಟಾಗುತ್ತವೆ. ನಮ್ಮ ಕೆಮ್ಮು ತೆಲುಗಿನಲ್ಲಿ ದಗ್ಗು, ಉರ್ದುವಿನಲ್ಲಿ ಖಾಂಸಿ. ತಲೆಸುತ್ತು ಬರುವುದೇ ಎಂದು ಕೇಳಲು ತೆಲುಗು ವೈದ್ಯರು ‘ಕಳ್ಳು ತಿರುಗುತುನ್ನಾಯಾ’ ಎನ್ನುತ್ತಾರೆ. ಅವರ ‘ಕಳ್ಳು’ ಎಂದರೆ ಕಣ್ಣುಗಳು. ಕನ್ನಡದ ರೈತನು ಅದನ್ನು ಹೆಂಡವೆಂದು ತಿಳಿದು, ‘ನಾನು ಮುಟ್ಟಿದವನೇ ಅಲ್ಲ’ ಎಂದಾನು! ನಗು ಬರಿಸುವ ಈ ಮಾತಿನಿಂದಲೇ ರೋಗದ ಗುರುತು ತಪ್ಪಿಹೋಗಬಹುದು.

ಇಲ್ಲಿ ನಾವು ಮಾಡಬಹುದಾದ ಕೆಲಸಗಳು ಸಣ್ಣವು. ಮೊದಲು ‘ಏನಾದರೂ ಬೇಕೇನಜ್ಜಿ?’ ಎಂದು ಕೇಳಬೇಕು. ಬೇಡವೆಂದರೆ ಒತ್ತಾಯ ಮಾಡಬಾರದು. ಮಾತನ್ನು ದಾಟಿಸುವಾಗ ರೋಗಿ ಹೇಳಿದಷ್ಟನ್ನೇ ಹೇಳಬೇಕು. ಒಂದನ್ನು ಸೇರಿಸಲೂ ಬಾರದು, ನಾಚಿಕೆಯಿಂದ ಒಂದನ್ನು ಬಿಡಲೂ ಬಾರದು. ಅರ್ಥವಾಗದಿದ್ದರೆ ಊಹಿಸದೆ ಮತ್ತೆ ಕೇಳಬೇಕು. ಅರ್ಜಿ ತುಂಬುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯಬೇಕು. ಔಷಧದ ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಅಕ್ಷರ ಬಾರದವರಿಗೆ ಮಾತ್ರೆಯ ಪೊಟ್ಟಣದ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆದು, ಅದು ಸರಿಯೇ ಎಂದು ದಾದಿಯರಿಗೋ ಔಷಧ ಕೊಡುವವರಿಗೋ ತೋರಿಸಿಕೊಳ್ಳಬೇಕು.

ಕೆಲವು ಎಚ್ಚರಿಕೆಗಳೂ ಅವಶ್ಯಕ. ಮನೆಯ ಹಿರಿಯರ ಅಥವಾ ಉಪಾಧ್ಯಾಯರ ಜತೆಯಲ್ಲಿಯೇ ಹೋಗತಕ್ಕದ್ದು. ಪರರ ಹಣವನ್ನು ಕೈಯಲ್ಲಿ ಹಿಡಿಯಬಾರದು. ನಾವಾಗಿ ಔಷಧ ಸೂಚಿಸಬಾರದು. ಒಬ್ಬರ ರೋಗದ ಸಂಗತಿಯನ್ನು ಇನ್ನೊಬ್ಬರ ಮುಂದೆ ಆಡಬಾರದು; ನಂಬಿ ಹೇಳಿದ ಮಾತು ಒಪ್ಪಿಸಿದ ಗಂಟಿನಂತೆ.

ಇಷ್ಟು ಅಲ್ಪ ಕಾರ್ಯದಿಂದ ಏನಾದೀತು ಎಂದು ಕೆಲವರಿಗೆ ಅನ್ನಿಸಬಹುದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರವು ಈ ನಗರದ ಸಾವಿರಾರು ಮಂದಿಯನ್ನು ನುಂಗಿತು. ಅಂದು ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಒಂದು ಹುಣಸೆಯ ಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರೆಂದು ಪ್ರಸಿದ್ಧವಾಗಿದೆ. ಆ ಮರ ಎಲ್ಲಿಗೂ ಹೋಗಲಿಲ್ಲ. ಮುಳುಗುವವರ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ನೆರವಿಗೆ ಬೇಕಾದುದು ಈ ಸಾಮೀಪ್ಯವೇ.

ಆದುದರಿಂದ, ಮಿತ್ರರೇ, ಪ್ರತಿಯೊಂದು ತರಗತಿಯೂ ಈ ವರ್ಷ ಒಂದು ಪಟ್ಟಿಯನ್ನು ಸಿದ್ಧಪಡಿಸಲಿ. ಜ್ವರ, ವಾಂತಿ, ಉಬ್ಬಸ, ಬಾವು ಮೊದಲಾದ ಐವತ್ತು ಮಾತುಗಳನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಕನ್ನಡ ಲಿಪಿಯಲ್ಲಿ ಅಂದವಾಗಿ ಬರೆದು, ಬಲ್ಲವರಿಂದ ತಿದ್ದಿಸಿ, ಊರಿನಿಂದ ಬರುವ ರೋಗಿಗಳ ಮನೆಯವರಿಗೆ ಕೊಡೋಣ. ಒಂದು ಹಾಳೆ ಕಾಗದ, ಒಂದು ಸಂಜೆಯ ಶ್ರಮ. ಇದಕ್ಕಿಂತ ಹೆಚ್ಚಿನ ವೆಚ್ಚವಿಲ್ಲ.