ಬಳ್ಳಾರಿ ಅದಿರು: ಬೆಳವಣಿಗೆಗೊಂದು ಮಿತಿ

ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆಯಾಗದಂತೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ. ಇದು 1987ರ ಬ್ರುಂಟ್‌ಲ್ಯಾಂಡ್ ಆಯೋಗದ ವ್ಯಾಖ್ಯೆ. ಇದು ಏಕೆ ಬೇಕು ಎಂಬುದಕ್ಕೆ ಬಳ್ಳಾರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳನ್ನು ಮನಬಂದಂತೆ ಅಗೆಯಲಾಯಿತು. ಲಾರಿಗಳು ಎಬ್ಬಿಸಿದ ಕೆಂಧೂಳು ರಸ್ತೆಬದಿಯ ಬೆಳೆಯ ಎಲೆಎಲೆಯ ಮೇಲೂ ಕೂತಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸ್ವಯಂಸೇವಾ ಸಂಸ್ಥೆಯ ಅರ್ಜಿಯ ಮೇರೆಗೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮರುತಿಂಗಳು ಚಿತ್ರದುರ್ಗ, ತುಮಕೂರಿಗೂ ನಿಷೇಧ ವಿಸ್ತರಿಸಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದದ್ದೂ ಅದೇ ಜುಲೈನಲ್ಲಿ.

ಇದೇ ಪ್ರಕರಣದಲ್ಲಿ ಕೋರ್ಟ್ ನೀಡಿದ 2013ರ ಏಪ್ರಿಲ್ ತೀರ್ಪು ಮುಖ್ಯ. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಗಂಭೀರ ಅಕ್ರಮದ ‘ಸಿ’ ಗುತ್ತಿಗೆಗಳನ್ನು ರದ್ದುಪಡಿಸಲಾಯಿತು. ಉಳಿದವು ಪುನಶ್ಚೇತನ ಯೋಜನೆಗೆ ಬದ್ಧವಾಗಬೇಕಾಯಿತು. ಉತ್ಪಾದನೆಗೂ ಮಿತಿ ಬಿತ್ತು: ಮೂರೂ ಜಿಲ್ಲೆಗೆ ಸೇರಿ ವರ್ಷಕ್ಕೆ 3 ಕೋಟಿ ಟನ್. 2017ರಲ್ಲಿ ಇದು 3.5 ಕೋಟಿ, 2022ರಲ್ಲಿ 5 ಕೋಟಿ ಟನ್ನಿಗೇರಿತು. ಅದಿರು ಮತ್ತೆ ಹುಟ್ಟುವುದಿಲ್ಲವಾದ್ದರಿಂದ, ಮುಂದಿನ ಪೀಳಿಗೆಗೂ ಉಳಿಯಲು ಮಿತಿ ಹಾಕಿದ್ದು ಸರಿ ಎಂಬುದೇ ನನ್ನ ನಿಲುವು.

ಪರೀಕ್ಷೆಯ ಪ್ರಬಂಧ ಪತ್ರಿಕೆಯಲ್ಲಿ ‘ಅಂತರ-ಪೀಳಿಗೆ ಸಮಾನತೆ’ ಬಗ್ಗೆ ಕೇಳಿದರೆ ಈ ಪ್ರಕರಣವನ್ನೇ ಬರೆಯಿರಿ.