ಸುತ್ತ ನಿಂತವರು

ಶಾಲೆಯಲ್ಲಿ ಬಲವುಳ್ಳ ಹುಡುಗನು ಬಡಪಾಯಿಯೊಬ್ಬನನ್ನು ಕಾಡುವುದು ಹೊಸ ಸಂಗತಿಯೇನೂ ಅಲ್ಲ. ಇಂಗ್ಲಿಷಿನವರು ಇದನ್ನು ‘ಬುಲ್ಲಿಯಿಂಗ್’ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ‘ಗೋಳುಹೊಯ್ದುಕೊಳ್ಳುವುದು’ ಎಂಬ ಮಾತಿದೆ. ಗೋಳು ಒಬ್ಬನದು, ಹೊಯ್ದುಕೊಳ್ಳುವವನು ಇನ್ನೊಬ್ಬ. ಸುತ್ತ ನಿಂತು ನೋಡುವ ಮೂರನೆಯವನಿಗೆ ಮಾತ್ರ ಆ ಮಾತಿನಲ್ಲಿ ಸ್ಥಳವಿಲ್ಲ. ನಾನು ವಿಚಾರಮಾಡಹೊರಟಿರುವುದು ಅವನನ್ನು ಕುರಿತು; ಏಕೆಂದರೆ ಅವನು ನಾನೇ ಆಗಿದ್ದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಸಾರಕ್ಕಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ. ತಾಯಿ ಜಯನಗರದ ಎರಡು ಮನೆಗಳಲ್ಲಿ ಕೆಲಸಮಾಡುತ್ತಾಳೆ. ೨೦೧೮ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ಯಾದಗಿರಿ ಕಡೆಯ ಹುಡುಗನೊಬ್ಬ ನಮ್ಮ ಜತೆ ಬಂದು ಸೇರಿದ. ಜೆ.ಪಿ. ನಗರದಾಚೆ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಅವನ ತಂದೆತಾಯಿಗಳು ಗಾರೆ ಕೆಲಸದವರು. ವಾಸ ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ. ಹಾಜರಿ ಕೂಗಿದಾಗ ನಾವೆಲ್ಲ ‘ಎಸ್ ಸಾರ್’ ಎಂದರೆ ಅವನು ‘ಅದೀನ್ರೀ ಸರ’ ಎನ್ನುತ್ತಿದ್ದ. ತರಗತಿಗೆ ತರಗತಿಯೇ ನಗುತ್ತಿತ್ತು. ಕಡೆಗೆ ಆ ಮಾತೇ ಅವನ ಹೆಸರಾಯಿತು. ಅವನಾಡುತ್ತಿದ್ದುದೂ ಕನ್ನಡವೇ ಎಂಬುದು ಆಗ ನಮಗಾರಿಗೂ ಹೊಳೆಯಲಿಲ್ಲ.

ನಮ್ಮೊಳಗಿನ ಗಟ್ಟಿಗನೊಬ್ಬನು ದಿನವೂ ಮಧ್ಯಾಹ್ನದ ಊಟವಾದ ಮೇಲೆ ನಲ್ಲಿಯ ಕಟ್ಟೆಯ ಬಳಿ ಅವನ ಕೈ ತಿರುಚಿ ಆ ಮಾತನ್ನು ಹತ್ತು ಸಲ ಹೇಳಿಸುತ್ತಿದ್ದ. ನಾವು ಎಂಟು ಹತ್ತು ಮಂದಿ ಸುತ್ತ ನಿಂತು ಎಣಿಸುತ್ತಿದ್ದೆವು. ಒಂದು ದಿನ ಅವನು ಏಳಕ್ಕೇ ಸುಮ್ಮನಾದ. ನೂಕಿದ ರಭಸಕ್ಕೆ ಕಟ್ಟೆಯ ಅಂಚು ಬಡಿದು ಮುಂದಿನ ಹಲ್ಲು ಮುರಿಯಿತು. ಆ ಹೊತ್ತಿನಲ್ಲಿ ನೂಕಿದವನ ಪುಸ್ತಕದ ಚೀಲ ನನ್ನ ಕೈಯಲ್ಲಿತ್ತು. ಉಪಾಧ್ಯಾಯರು ಬಂದು ಆ ಗಟ್ಟಿಗನಿಗೆ ಬೆತ್ತದಿಂದ ನಾಲ್ಕು ಬಿಗಿದರು. ಮಕ್ಕಳನ್ನು ಹೊಡೆಯಕೂಡದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣದಲ್ಲಿದೆ, ಅದಿರಲಿ. ಚೀಲ ಹಿಡಿದವನನ್ನು ಯಾರೂ ಏನೂ ಕೇಳಲಿಲ್ಲ. ಯಾದಗಿರಿಯ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ.

ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿದ ಮೊದಲಿಗರಲ್ಲಿ ಡಾನ್ ಓಲ್ವಿಯಸ್ ಎಂಬ ವಿದ್ವಾಂಸರು ಮುಖ್ಯರು. ನಾರ್ವೆ ದೇಶದಲ್ಲಿ ೧೯೮೨ರಲ್ಲಿ ಮೂವರು ಹುಡುಗರು ಸಂಗಡಿಗರ ಕಾಟದಿಂದ ಪ್ರಾಣ ಕಳೆದುಕೊಂಡಾಗ, ಮರುವರ್ಷವೇ ಅಲ್ಲಿನ ಸರ್ಕಾರವು ದೇಶದ ಶಾಲೆಗಳಲ್ಲೆಲ್ಲ ಇದರ ವಿರುದ್ಧ ಕಾರ್ಯಕ್ರಮ ಹೂಡಿತು. ಓಲ್ವಿಯಸರ ಮತದಂತೆ ಸಮಬಲರ ಜಗಳ ಈ ಪೀಡನೆಯಲ್ಲ. ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿ ನಿಲ್ಲಲಾರದವನಿಗೆ ಮಾಡುವುದು, ಇವು ಅದರ ಲಕ್ಷಣ. ನಮ್ಮ ನಲ್ಲಿಯ ಕಟ್ಟೆಗೆ ಮೂರೂ ಹೊಂದುತ್ತವೆ.

ಇದಕ್ಕಿಂತಲೂ ನನ್ನನ್ನು ಕಲಕಿದ್ದು ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರು ೧೯೯೬ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಅಧ್ಯಯನ. ಕಾಡುವವನು, ಕಾಡಿಸಿಕೊಳ್ಳುವವನು ಅಲ್ಲದೆ ಅವನಿಗೆ ಕೈನೀಡುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಅಡ್ಡಬರುವವರು ಎಂದು ತರಗತಿಯ ಉಳಿದವರನ್ನೂ ಅವರು ವಿಂಗಡಿಸಿದರು. ನಾನು ಮೊದಲ ಎರಡು ಪಂಗಡಗಳಿಗೂ ಸೇರಿದವನು! ಕೆನಡಾದ ಟೊರಾಂಟೊದಲ್ಲಿ ಹಾಕಿನ್ಸ್, ಪೆಪ್ಲರ್, ಕ್ರೇಗ್ ಎಂಬುವರು ಶಾಲೆಯ ಆಟದ ಬಯಲುಗಳನ್ನು ಚಿತ್ರೀಕರಿಸಿ ಪರೀಕ್ಷಿಸಿ ೨೦೦೧ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ನೂರು ಪ್ರಸಂಗಗಳಲ್ಲಿ ೮೮ರಲ್ಲಿ ಇತರ ಮಕ್ಕಳು ಹತ್ತಿರದಲ್ಲಿದ್ದರು, ಅಡ್ಡಬಂದದ್ದು ೧೯ರಲ್ಲಿ. ಆದರೆ ಅಡ್ಡಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು. ಹತ್ತು ಸೆಕೆಂಡು! ನಾವು ಹತ್ತರವರೆಗೆ ಎಣಿಸುತ್ತ ನಿಂತವರು.

‘ತಮಾಷೆಗೆ ಮಾಡಿದೆವು’ ಎಂದು ನಾವು ಆಗ ಹೇಳಿದ್ದುಂಟು. ೧೯೮೩ರ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗ್ ಎಂದರೇನೆಂದು ಹೇಳುವಾಗ, ತಮಾಷೆಗಾಗಲಿ ಬೇರೆ ರೀತಿಯಲ್ಲಾಗಲಿ ವಿದ್ಯಾರ್ಥಿಯೊಬ್ಬನನ್ನು ಬಲಾತ್ಕರಿಸಿ ಅವನ ಮಾನಕ್ಕೆ ಕುಂದಾಗುವ ಕೆಲಸ ಮಾಡಿಸುವುದು ಎಂಬರ್ಥದ ಮಾತನ್ನೇ ಬಳಸಿದೆ. ತಮಾಷೆಯ ನೆವವನ್ನು ಕಾಯಿದೆ ಮೊದಲೇ ಬಲ್ಲದು. ಮಕ್ಕಳ ಸಹಾಯವಾಣಿ ೧೦೯೮ ಇದೆ. ಮನಸ್ಸು ನೊಂದವರಿಗೆ ೨೦೨೨ರಿಂದ ೧೪೪೧೬ ಇದೆ. ಆದರೆ ಊಟದ ಬಿಡುವಿನಲ್ಲಿ ನಲ್ಲಿಯ ಬಳಿ ಇರುವುದು ಕಾಯಿದೆಯೂ ಅಲ್ಲ, ದೂರವಾಣಿಯೂ ಅಲ್ಲ, ಉಳಿದ ಹುಡುಗರು.

ಈಗ ನಾನು ಬನಶಂಕರಿಯಲ್ಲಿ ನಮ್ಮ ವಠಾರದ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ‘ನಿಮ್ಮ ಶಾಲೆಯಲ್ಲಿ ಯಾರನ್ನಾದರೂ ಗೋಳುಹೊಯ್ದುಕೊಂಡರೆ ಏನು ಮಾಡುತ್ತೀರಿ?’ ಎಂದು ಒಮ್ಮೆ ಕೇಳಿದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಮುಚ್ಚುಮರೆಯಿಲ್ಲದೆ, ‘ನಗ್ತೀವಿ ಅಣ್ಣಾ. ನಗದೇ ಇದ್ರೆ ನಾಳೆ ನಮ್ಮ ಸರದಿ’ ಎಂದಳು. ನಾನು ಏಳು ವರ್ಷದಿಂದ ನನಗೇ ಹೇಳಿಕೊಳ್ಳಲಾರದೆ ಇದ್ದ ಮಾತದು. ನನ್ನ ನಗುವಿನಲ್ಲೂ ಅರ್ಧ ಪಾಲು ಅಂಜಿಕೆಯೇ ಇತ್ತು. ನನ್ನ ಅಪ್ಪ ಮೂಟೆ ಹೊರುವವನೆಂಬುದು ಆ ಗಟ್ಟಿಗನಿಗೆ ಗೊತ್ತಿತ್ತು.

ಜಗಳಕ್ಕೆ ಹೋಗಬೇಡಿ, ಒಬ್ಬೊಬ್ಬರೇ ಹೋಗಬೇಡಿ, ಮೂವರು ಸೇರಿ ಹೋಗಿ ಅಳುತ್ತಿರುವವರನ್ನು ಹೆಸರು ಹಿಡಿದು ಆಟಕ್ಕೆ ಕರೆಯಿರಿ ಎಂದು ಹೇಳಿಕೊಟ್ಟೆ. ಇದು ಫಲಿಸೀತೆಂಬ ಭರವಸೆ ನನಗೇನೂ ಇರಲಿಲ್ಲ. ಎರಡು ವಾರ ಕಳೆದ ಮೇಲೆ ಅವಳು ಲೆಕ್ಕದ ಪುಸ್ತಕ ತೆಗೆಯುತ್ತ, ‘ಕರೆದ್ವಿ ಅಣ್ಣಾ, ಬಂದ್ಲು. ಈಗ ನಮ್ಮ ಜತೇನೇ ಊಟಕ್ಕೆ ಕೂತ್ಕೋತಾಳೆ’ ಎಂದಳು. ಹೊಡೆಯುತ್ತಿದ್ದವಳು ಏನೆಂದಳು ಎಂದು ಕೇಳಿದೆ. ‘ಅವಳೂ ಆಟಕ್ಕೆ ಬರ್ತೀನಿ ಅಂತಾಳೆ, ಸೇರಿಸ್ಕೊಳ್ಳೋದೋ ಬೇಡ್ವೋ ಅಂತ ಇನ್ನೂ ಮಾತಾಡ್ತಾ ಇದೀವಿ’ ಎಂದಳು.